ಅರ್ಜಿಯಲ್ಲಿ ವಿನಂತಿ ಸಾಕು, ಪ್ರಶ್ನೆ ಇರಲಿ

ಸಣ್ಣ ಊರುಗಳ ಡಿಗ್ರಿ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವವರಿಗೆ ಒಂದು ಬಹಿರಂಗ ಪತ್ರ



ನಮಗೆಲ್ಲ ಅರ್ಜಿ ಬರೆಯುವುದನ್ನು ಕಲಿಸಿದ್ದು ರಜಾ ಚೀಟಿ. ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಶುರು ಮಾಡಿ ‘ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಮುಗಿಸುವ ಚೀಟಿ. ಆಮೇಲೆ ಬಸ್ ಪಾಸಿಗೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ, ಹಾಸ್ಟೆಲ್ಲಿಗೆ, ವಿದ್ಯಾರ್ಥಿವೇತನಕ್ಕೆ ಬರೆದದ್ದೆಲ್ಲ ಅದೇ ಚೀಟಿಯ ಮಕ್ಕಳು, ಮೊಮ್ಮಕ್ಕಳು. ಕೊಡುವವರು ಕೌಂಟರಿನ ಆಚೆ, ಕೇಳುವವರು ಈಚೆ. ಅರ್ಜಿ ಎಂದರೆ ಬೇಡುವುದು ಎಂಬುದು ನಮ್ಮ ಬೆರಳುಗಳಿಗೇ ಅಭ್ಯಾಸವಾಗಿಬಿಟ್ಟಿದೆ.

ಪ್ರತಿ ವರ್ಷ ಮಳೆ ಹಿಂದೆ ಸರಿದು ಚಳಿ ಕಾಲಿಡುವ ಹೊತ್ತಿಗೆ ಇನ್ನೊಂದು ಬಗೆಯ ಅರ್ಜಿ ಕರೆಯುತ್ತಾರೆ. ಬೇಸಿಗೆಯಲ್ಲಿ ಎರಡು ತಿಂಗಳು ದೊಡ್ಡ ಪ್ರಯೋಗಾಲಯವೊಂದರಲ್ಲಿ ಕೂತು ಸಂಶೋಧನೆ ಕಲಿಯುವ ಅರ್ಜಿ ಅದು. ನಮ್ಮ ಮಕ್ಕಳು ಅದನ್ನೂ ರಜಾ ಚೀಟಿಯ ಹಾಗೆಯೇ ಬರೆಯುತ್ತಾರೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಮಲೆನಾಡಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ, ಅಂಥ ಅರ್ಜಿಗಳನ್ನು ರಾಶಿ ರಾಶಿ ತಿದ್ದಿದ ಮೇಲೆ ಈ ಪತ್ರ ಬರೆಯಬೇಕು ಅನ್ನಿಸಿತು.

ಮೊದಲು, ಇಂಥದ್ದೊಂದು ಇದೆ ಎಂಬುದೇ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಾನು ಬಿ.ಎಸ್ಸಿ. ಓದುವಾಗ ಇಂಥ ಸುತ್ತೋಲೆ ಅಂಚೆಯಲ್ಲಿ ಬರುತ್ತಿತ್ತು. ನಮ್ಮ ಕಾಲೇಜಿಗೂ ಬಂದಿತ್ತು. ಅದು ನೋಟೀಸ್ ಬೋರ್ಡಿಗೆ ಏರಿದ್ದು ಕೊನೆಯ ದಿನಾಂಕ ಕಳೆದು ಹನ್ನೊಂದು ದಿನಗಳ ಮೇಲೆ. ಗಾಜಿನ ಹಿಂದೆ ನಾಲ್ಕು ಮಡಿಕೆಯ ಗುರುತು ಉಳಿದಿದ್ದ ಆ ಹಾಳೆಯನ್ನು ನಿಂತು ಓದಿದ್ದು ನನಗೆ ಇಂದಿಗೂ ನೆನಪಿದೆ. ಯಾರ ಡ್ರಾಯರಿನಲ್ಲಿ ಮಲಗಿತ್ತೋ, ಕೇಳುವ ಧೈರ್ಯ ಆಗಿನ ನನಗಿರಲಿಲ್ಲ. ಈಗ ಎಲ್ಲವೂ ಆನ್‌ಲೈನಿನಲ್ಲಿದೆ, ಯಾರ ಡ್ರಾಯರಿನ ಹಂಗೂ ಇಲ್ಲ. ಆದರೂ ‘ಇದೆಲ್ಲ ಬೆಂಗಳೂರಿನವರಿಗೆ ಅಲ್ದಾ ಮೇಡಂ?’ ಎಂಬ ಒಂದು ಮಾತು ಆ ಡ್ರಾಯರಿನ ಕೆಲಸವನ್ನು ಮುಂದುವರಿಸುತ್ತಿದೆ.

ಆದ್ದರಿಂದ ಎಲ್ಲಿ ಏನಿದೆ ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಎಲ್ಲಕ್ಕಿಂತ ಅಗಲವಾದ ಬಾಗಿಲು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ರಾಷ್ಟ್ರೀಯ ಅಕಾಡೆಮಿ, ಪ್ರಯಾಗರಾಜದ ಅಕಾಡೆಮಿ, ಈ ಮೂರೂ ಒಟ್ಟಾಗಿ ದೇಶದ ಬೇರೆ ಬೇರೆ ಕಡೆಯ ವಿಜ್ಞಾನಿಗಳ ಬಳಿಗೆ ಹುಡುಗರನ್ನು ಕಳಿಸುತ್ತವೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ತನ್ನದೇ ಬೇಸಿಗೆ ಫೆಲೋಶಿಪ್ ನಡೆಸುತ್ತದೆ. ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇಕಡಾ ಒಂದರೊಳಗೆ ಬಂದು ‘ಇನ್‌ಸ್ಪೈರ್’ ವಿದ್ಯಾರ್ಥಿವೇತನ ಪಡೆಯುತ್ತಿರುವವರು ನಿಮ್ಮಲ್ಲಿ ಇರಬಹುದು. ವರ್ಷಕ್ಕೆ 80,000 ರೂಪಾಯಿಯ ಆ ಮೊತ್ತದಲ್ಲಿ 20,000 ರೂಪಾಯಿ ಇರುವುದೇ ಬೇಸಿಗೆಯ ಸಂಶೋಧನಾ ಪ್ರಾಜೆಕ್ಟಿಗೆ. ಅಷ್ಟು ದುಡ್ಡು ತಮ್ಮ ಹೆಸರಿನಲ್ಲಿ ಇದೆ ಎಂದು ತಿಳಿಯದೆಯೇ ಡಿಗ್ರಿ ಮುಗಿಸಿದವರನ್ನು ನಾನು ನೋಡಿದ್ದೇನೆ.

ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಎಂಬಿಬಿಎಸ್, ಬಿಡಿಎಸ್ ಓದುವ ಅಕ್ಕನೋ ಅಣ್ಣನೋ ಇದ್ದರೆ ಅವರಿಗೊಂದು ಸುದ್ದಿ ಮುಟ್ಟಿಸಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 1979ರಿಂದ ಅಲ್ಪಾವಧಿ ವಿದ್ಯಾರ್ಥಿ ಫೆಲೋಶಿಪ್ ಕೊಡುತ್ತಾ ಬಂದಿದೆ. ತಮ್ಮ ಕಾಲೇಜಿನಲ್ಲೇ ಒಬ್ಬ ಗೈಡ್ ಹಿಡಿದು, ಎರಡು ತಿಂಗಳಲ್ಲಿ ಮುಗಿಯುವಂಥ ಒಂದು ಅಧ್ಯಯನ ಯೋಜಿಸಬೇಕು. ರೋಗಿಗಳ ಮೇಲಿನ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆ, ರೋಗಿಯ ಒಪ್ಪಿಗೆ ಎರಡೂ ಬೇಕು. ಕಡೆಗೆ ವರದಿ ಒಪ್ಪಿಸಬೇಕು. ವಿವರ ಅವರಿಗೆ ಬಿಟ್ಟು ನಿಮ್ಮ ವಿಷಯಕ್ಕೆ ಬರುತ್ತೇನೆ.

ಇಂಥ ಅರ್ಜಿಗಳಲ್ಲಿ ಸಾಮಾನ್ಯವಾಗಿ ಮೂರು ಭಾಗ ಇರುತ್ತವೆ: ಅಂಕಗಳು, ಗುರುಗಳ ಶಿಫಾರಸು ಪತ್ರ, ಏಕೆ ಬರುತ್ತೀರಿ, ಏನು ಮಾಡಬೇಕೆಂದಿದ್ದೀರಿ ಎಂದು ನೀವೇ ಬರೆಯುವ ಇನ್ನೂರು ಮುನ್ನೂರು ಪದಗಳ ಬರಹ. ಅಂಕ ಲೆಕ್ಕಕ್ಕೆ ಬರುವುದಿಲ್ಲ ಎಂದು ಸುಳ್ಳು ಹೇಳಲಾರೆ, ಬರುತ್ತದೆ. ಆದರೆ ಅದು ಆಗಿಹೋದ ಕಥೆ, ಈಗ ತಿದ್ದಲು ಬರುವುದಿಲ್ಲ. ನಿಮ್ಮ ಕೈಯಲ್ಲಿ ಉಳಿದಿರುವುದು ಆ ಇನ್ನೂರು ಪದ. ನಾವು ಸೋಲುವುದೂ ಅಲ್ಲೇ.

ಕೆಲವು ವರ್ಷಗಳ ಹಿಂದೆ ಎರಡನೇ ವರ್ಷದ ಹುಡುಗಿಯೊಬ್ಬಳು ತನ್ನ ಬರಹ ತಂದು ತೋರಿಸಿದಳು. ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ. ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಅವಕಾಶ ದೊರೆತರೆ ಶ್ರದ್ಧೆಯಿಂದ ದುಡಿದು ದೇಶಕ್ಕೆ ಕೊಡುಗೆ ನೀಡುತ್ತೇನೆ.’ ಇಂಗ್ಲಿಷಿನಲ್ಲಿತ್ತು, ವ್ಯಾಕರಣ ತಪ್ಪಿರಲಿಲ್ಲ. ಮೇಲಿನ ಹೆಸರು ಅಳಿಸಿ ಬೇರೆ ಹೆಸರು ಬರೆದರೂ ಒಂದಕ್ಷರ ಬದಲಿಸಬೇಕಿರಲಿಲ್ಲ. ಇಂದು ಮೊಬೈಲಿಗೆ ಹೇಳಿ ಬರೆಸಿದರೆ ಇದನ್ನೇ ಇನ್ನಷ್ಟು ನುಣುಪಾಗಿ ಬರೆದುಕೊಡುತ್ತದೆ. ಆಯ್ಕೆ ಮಾಡುವವರ ಮೇಜಿನ ಮೇಲೆ ಇಂಥವೇ ನೂರಾರು ಬಿದ್ದಿರುತ್ತವೆ.

‘ಇದನ್ನ ಪಕ್ಕಕ್ಕಿಡು, ನಿಮ್ಮನೇಲಿ ಏನು ಸಮಾಚಾರ ಹೇಳು’ ಅಂದೆ. ಅವಳದ್ದು ಸಾಗರದ ಕಡೆಯ ಹಳ್ಳಿ. ಮನೆಗೆ ಅಡಿಕೆ ತೋಟ. ತೋಟದ ಮೇಲ್ಗಡೆ ಸೊಪ್ಪಿನ ಬೆಟ್ಟ, ಒಣಗಿದ ಎಲೆ, ಅಂದರೆ ದರಕು, ತರುವುದು ಅಲ್ಲಿಂದಲೇ.  ‘ಅಮ್ಮ ದರಕು ತರಲು ಹೋಗೂ ಮುಂಚೆ ಕೈಕಾಲಿಗೆ ಆ ಎಣ್ಣೆ ಹಚ್ಕೊಳ್ತಾಳೆ ಮೇಡಂ, ಆರೋಗ್ಯ ಇಲಾಖೆಯವ್ರು ಕೊಡ್ತಾರಲ್ಲ, ಉಣುಗು ಕಚ್ಚಬಾರ್ದು ಅಂತ’ ಅಂದಳು. ಮಂಗನ ಕಾಯಿಲೆಯ ಕಾಲ ಅದು. ಸ್ವಲ್ಪ ತಡೆದು, ‘ಆದ್ರೆ ಮಧ್ಯಾಹ್ನ ವಾಪಸ್ ಬರೂವಾಗ ಬೆವ್ರಿಗೆ ಎಲ್ಲ ಹೋಗಿರತ್ತೆ ಅಂತಾಳೆ ಅಮ್ಮ. ಉಣುಗಿಗೆ ಅದ್ರ ವಾಸನೆ ಎಷ್ಟೊತ್ತಿನ ತನಕ ತಿಳಿಯತ್ತೋ ಏನೋ’ ಅಂದಳು.

‘ಇದನ್ನ ಯಾಕೆ ಬರೀಲಿಲ್ಲ?’ ಅಂದೆ.

‘ಇದು ಮನೆ ಮಾತಲ್ವಾ ಮೇಡಂ?’ ಅಂದಳು.

ಆ ಮನೆ ಮಾತಿನ ಹಿಂದೆ ಎಂಥ ಚರಿತ್ರೆ ಇದೆ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಹಿಡಿದು ಮಲಗಿದರು. ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೋ ಎಂದು ವಿಜ್ಞಾನಿಗಳು ಬೆಚ್ಚಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು ಹುಡುಕಿದಾಗ ಸಿಕ್ಕಿದ್ದು ಸೊಳ್ಳೆಯಿಂದಲ್ಲ, ಉಣುಗಿನಿಂದ ಹರಡುವ ಹೊಸದೇ ಒಂದು ವೈರಸ್. ಲೋಕದ ವೈದ್ಯಕೀಯ ಪುಸ್ತಕಗಳು ಇಂದಿಗೂ ಅದನ್ನು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಕರೆಯುತ್ತವೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಮತ್ತೆ ಹೆಣ ಕೆಡವಿದ್ದು ನಮಗೆಲ್ಲ ನೆನಪಿದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ತಕ್ಷಣ ತಿಳಿಸಬೇಕು ಎಂಬುದು ನಿಮ್ಮ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಇಷ್ಟು ಹತ್ತಿರದಿಂದ ಒಂದು ರೋಗವನ್ನು ಬಲ್ಲ ಹುಡುಗಿ ‘ಬಾಲ್ಯದಿಂದಲೂ ಅಪಾರ ಆಸಕ್ತಿ’ ಎಂದು ಬರೆದು ಕೂತರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಅವಳು ಮತ್ತೆ ಬರೆದಳು. ಮೊದಲು ಕನ್ನಡದಲ್ಲಿ ಬರೆಯಲು ಹೇಳಿದೆ, ಆಮೇಲೆ ಇಂಗ್ಲಿಷಿಗೆ ತಂದಳು. ಸಣ್ಣ ವಾಕ್ಯಗಳು. ಅಮ್ಮ, ಎಣ್ಣೆ, ಬೆವರು, ಉಣುಗು. ಕಡೆಗೆ ಎರಡು ಸಾಲು: ‘ಒಂದು ಜೀವಿ ವಾಸನೆಯನ್ನು ಹೇಗೆ ಗ್ರಹಿಸಿ ದೂರ ಸರಿಯುತ್ತದೆ ಎಂಬುದನ್ನು ಅಳೆಯಲು ಕಲಿಯಬೇಕು. ನಮ್ಮ ಕಾಲೇಜಿನಲ್ಲಿ ಅದಕ್ಕೆ ಉಪಕರಣವಿಲ್ಲ.’ ಪ್ರತಿಷ್ಠಿತ ಎಂಬ ಪದ ಎಲ್ಲೂ ಇರಲಿಲ್ಲ, ವಿನಂತಿಯೂ ಇರಲಿಲ್ಲ. ಅವಳು ಆಯ್ಕೆಯಾದಳು.

ಇಲ್ಲೊಂದು ಮಾತು. ಅವಳಿಗೆ ಉಣುಗು ಸಿಗಲಿಲ್ಲ. ಮಂಗನ ಕಾಯಿಲೆಯ ವೈರಸ್ಸನ್ನು ಮುಟ್ಟುವುದು ಅತಿ ಹೆಚ್ಚಿನ ಸುರಕ್ಷತೆಯ ಪ್ರಯೋಗಾಲಯಗಳಲ್ಲಿ ಮಾತ್ರ. ಡಿಗ್ರಿ ಓದುವವರನ್ನು ಅದರ ಹತ್ತಿರ ಬಿಡುವುದಿಲ್ಲ, ಬಿಡಲೂಬಾರದು. ಅವಳಿಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ ಹಣ್ಣಿನ ನೊಣಗಳ ವಾಸನಾ ಶಕ್ತಿಯ ಮೇಲೆ ಕೆಲಸ ಮಾಡುವ ಪ್ರಯೋಗಾಲಯ. ಬಾಳೆಹಣ್ಣಿನ ಗೊನೆಯ ಮೇಲೆ ಹಾರಾಡುವ ಅದೇ ನೊಣ, ಡ್ರೊಸೊಫಿಲ. ನೊಣ ಹೇಗೆ ಮೂಸುತ್ತದೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ದಾರಿ ಹಾಕಿದವರು ಒಬೈದ್ ಸಿದ್ದಿಕಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದವರೂ ಅವರೇ. ನೀವು ಒಯ್ಯುವ ಪ್ರಶ್ನೆಗೆ ಅಲ್ಲಿ ಉತ್ತರ ಸಿಗದಿರಬಹುದು. ಆದರೆ ನಿಮ್ಮನ್ನು ಯಾರ ಬೆಂಚಿನ ಮುಂದೆ ಕೂರಿಸಬೇಕು ಎಂದು ತಿಳಿಯುವುದು ಆ ಪ್ರಶ್ನೆಯಿಂದಲೇ.

ಹೋದ ಮೊದಲ ವಾರವೇ ಅವಳಿಗೆ ನೊಣಗಳ ಅಡುಗೆ ಮಾಡುವ ಕೆಲಸ ಬಂತು. ಅಷ್ಟು ಹೊತ್ತಿಗೆ ಅವಳಿಗೆ ಅದು ಗೊತ್ತಿತ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಪ್ರಾಣಿಶಾಸ್ತ್ರ ವಿಭಾಗದಲ್ಲಿ, ಡ್ರೊಸೊಫಿಲ ತಳಿಗಳನ್ನು ಸಾಕಿ ಕಾಪಾಡುವ ಕೇಂದ್ರವೇ ಇದೆ. ಅಲ್ಲಿನ ಪಾಕವನ್ನೇ ನಾವೂ ಪ್ರ್ಯಾಕ್ಟಿಕಲ್ಲಿನಲ್ಲಿ ಮಾಡುತ್ತೇವೆ: ಒಂದು ಲೀಟರ್ ನೀರಿಗೆ ನೂರು ಗ್ರಾಂ ರವೆ, ನೂರು ಗ್ರಾಂ ಬೆಲ್ಲ, ಹತ್ತು ಗ್ರಾಂ ಅಗರ್. ಬೂಸ್ಟು ಹಿಡಿಯದಂತೆ ಪ್ರೊಪಿಯಾನಿಕ್ ಆಮ್ಲ. ಕುದಿಯುವಾಗ ಲ್ಯಾಬಿಗೆಲ್ಲ ಸಿಹಿ ಸಜ್ಜಿಗೆಯ ಪರಿಮಳ ಹಬ್ಬಿ, ಕಾರಿಡಾರಿನಲ್ಲಿ ಹೋಗುವ ಕಾಮರ್ಸ್ ಹುಡುಗರು ಇಣುಕುತ್ತಾರೆ. ಬೆಂಗಳೂರಿನಲ್ಲಿ ರವೆಯ ಬದಲು ಮೆಕ್ಕೆಜೋಳದ ಹಿಟ್ಟು ಹಾಕುತ್ತಿದ್ದರಂತೆ. ‘ಗಂಟಾಗದ ಹಾಗೆ ತಿರುವೂದು ನಂಗೆ ಬರ್ತಿತ್ತು ಮೇಡಂ, ಉಳಿದವ್ರಿಗೆ ಬರ್ತಿರ್ಲಿಲ್ಲ’ ಎಂದು ಫೋನಿನಲ್ಲಿ ನಕ್ಕಳು. ದೊಡ್ಡ ಜಾಗದಲ್ಲಿ ಅವಳ ಕಾಲು ನೆಲಕ್ಕೆ ಹತ್ತಿದ್ದು ಆ ಸೌಟಿನಿಂದ.

ಆಮೇಲೆ ಫೋನು ಬರುವುದು ಕಡಿಮೆಯಾಯಿತು. ಕೊನೆಗೆ ಬಂದಾಗ ದನಿ ಬಿದ್ದುಹೋಗಿತ್ತು. ಅವಳ ಪ್ರಯೋಗ ಸರಳ. ಇಂಗ್ಲಿಷಿನ ‘ಟಿ’ ಆಕಾರದ ಕೊಳವೆ. ಒಂದು ತೋಳಿನಲ್ಲಿ ವಾಸನೆ, ಇನ್ನೊಂದರಲ್ಲಿ ಬರೀ ಗಾಳಿ. ನಡುವಿನಿಂದ ನೊಣಗಳನ್ನು ಬಿಟ್ಟು, ಯಾವ ಕಡೆ ಎಷ್ಟು ಹೋದವು ಎಂದು ಎಣಿಸಬೇಕು. ಮೂರು ವಾರ ಎಣಿಸಿದ್ದಳು. ಯಾವ ವಾಸನೆ ಇಟ್ಟರೂ ನೊಣಗಳು ಎಡಕ್ಕೇ ಹೋಗುತ್ತಿದ್ದವು. ವಾಸನೆಯನ್ನು ಎಡಕ್ಕಿಟ್ಟರೂ ಎಡಕ್ಕೆ, ಬಲಕ್ಕಿಟ್ಟರೂ ಎಡಕ್ಕೆ. ‘ನಂಗೆ ಬರಲ್ಲ ಮೇಡಂ, ವಾಪಸ್ ಬರ್ತೀನಿ’ ಅಂದಳು.

‘ಎಡಗಡೆ ಏನಿದೆ?’ ಎಂದು ಕೇಳಿದೆ.

ಉತ್ತರ ಬರಲು ಸ್ವಲ್ಪ ಹೊತ್ತಾಯಿತು. ‘ಕಿಟಕಿ’ ಅಂದಳು.

ನೊಣ ಬೆಳಕಿನ ಕಡೆ ಹಾರುತ್ತದೆ. ನಮ್ಮ ಪಠ್ಯದಲ್ಲೂ ಇದೆ, ಅವಳು ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಮರುದಿನ ಕೊಳವೆಯನ್ನು ಒಳಕೋಣೆಗೆ ಒಯ್ದು, ಮಂದ ಕೆಂಪು ದೀಪದಲ್ಲಿ ಮೊದಲಿನಿಂದ ಎಣಿಸತೊಡಗಿದಳು. ನೊಣಗಳಿಗೆ ಕೆಂಪು ಬೆಳಕು ಹೆಚ್ಚು ಕಾಣುವುದಿಲ್ಲ. ಎಂಟು ವಾರಗಳ ಕೊನೆಗೆ ಅವಳು ಒಪ್ಪಿಸಿದ ವರದಿಯಲ್ಲಿ ಅರ್ಧದಷ್ಟು ಆ ಕಿಟಕಿಯ ಕಥೆಯೇ ಇತ್ತು. ಬಚ್ಚಿಡಲು ಹೋಗಲಿಲ್ಲ. ಗೈಡ್ ಅದನ್ನು ತೆಗೆಸಲೂ ಇಲ್ಲ. ಇನ್ನು ಮುಂದೆ ಆ ಬೆಂಚಿಗೆ ಬರುವವರು ಮೊದಲು ಓದಬೇಕಾದ್ದು ಆ ಪುಟಗಳನ್ನೇ ಎಂದರಂತೆ.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣವಿದೆ. ಆ ಎರಡು ತಿಂಗಳಲ್ಲಿ ನಿಮಗೆ ಸಿಗುವುದು ಇಂಥದ್ದೇ. ಪಠ್ಯದಲ್ಲಿ ಓದಿದ ಒಂದು ವಾಕ್ಯ ಕಣ್ಣೆದುರು ಕೈ ಕೊಡುವುದು, ಎಣಿಸಿದ ಲೆಕ್ಕ ತಪ್ಪುವುದು, ಪಿಪೆಟ್ಟಿನ ತುದಿಯಲ್ಲಿ ಗುಳ್ಳೆ ನಿಲ್ಲುವುದು, ಜೆಲ್ಲಿನಲ್ಲಿ ಏನೂ ಕಾಣದಿರುವುದು. ನಮ್ಮ ಪ್ರ್ಯಾಕ್ಟಿಕಲ್ ಪರೀಕ್ಷೆಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ರೀಡಿಂಗ್ ತಪ್ಪಿದರೆ ಪಕ್ಕದವರದ್ದು ನೋಡಿ ಸರಿ ಮಾಡಿಕೊಳ್ಳುತ್ತೀರಿ. ನಾವು ಮೇಷ್ಟ್ರುಗಳು ಕಂಡೂ ಕಾಣದಂತೆ ಇರುತ್ತೇವೆ. ಅಲ್ಲಿ ಪಕ್ಕದವರ ಹತ್ತಿರ ಉತ್ತರ ಇರುವುದಿಲ್ಲ. ಆದ್ದರಿಂದ ಒಂದು ನೋಟ್‌ಬುಕ್ ಇಡಿ, ತಾರೀಖು ಹಾಕಿ, ಆದದ್ದನ್ನು ಆದ ಹಾಗೇ ಬರೆಯಿರಿ. ತಪ್ಪಿದ್ದನ್ನು ಅಳಿಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ.

ಇನ್ನು ಶಿಫಾರಸು ಪತ್ರ. ಇಲ್ಲಿ ತಪ್ಪು ನನ್ನದು, ನನ್ನಂಥವರದು. ಎಷ್ಟೋ ವರ್ಷ ಎಲ್ಲರಿಗೂ ‘ಪ್ರಾಮಾಣಿಕ, ಪರಿಶ್ರಮಿ, ಸನ್ನಡತೆಯ ವಿದ್ಯಾರ್ಥಿ’ ಎಂದೇ ಬರೆದುಕೊಟ್ಟಿದ್ದೇನೆ. ಅದು ನಡತೆ ಪ್ರಮಾಣಪತ್ರ. ಆಯ್ಕೆ ಮಾಡುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಮೇಷ್ಟ್ರ ಹತ್ತಿರ ಕೊನೆಯ ದಿನ ರಾತ್ರಿ ಎಂಟಕ್ಕೆ ಲಿಂಕ್ ಕಳಿಸಬೇಡಿ. ಹತ್ತು ದಿನ ಮುಂಚೆ ಹೋಗಿ, ನಿಮ್ಮ ಬರಹ ಓದಲು ಕೊಡಿ. ‘ನಾನು ಲ್ಯಾಬಿನಲ್ಲಿ ಮಾಡಿದ್ದು ಯಾವುದಾದ್ರೂ ನೆನಪಿದ್ರೆ ಅದನ್ನೇ ಬರೀರಿ ಸರ್’ ಎಂದು ಕೇಳಿ. ಕೇಳಿದರೆ ಕೋಪ ಮಾಡಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ನಮಗೂ ನೆನಪು ಮಾಡುವವರು ಬೇಕು.

ಆಯ್ಕೆಯಾಗದಿದ್ದರೆ? ಹೆಚ್ಚಿನವರು ಆಗುವುದಿಲ್ಲ, ಸೀಟು ಕಡಿಮೆ, ಅರ್ಜಿ ಬಹಳ. ಆಗ ನೇರವಾಗಿ ವಿಜ್ಞಾನಿಗಳಿಗೇ ಇಮೇಲ್ ಬರೆಯಬಹುದು. ಒಂದೇ ಪತ್ರವನ್ನು ನಲವತ್ತು ಜನರಿಗೆ ಒಟ್ಟಿಗೆ ಕಳಿಸುವುದು ಮದುವೆ ಕರೆಯೋಲೆ ಹಂಚಿದ ಹಾಗೆ, ಯಾರೂ ತಮಗೇ ಬರೆದದ್ದು ಅಂದುಕೊಳ್ಳುವುದಿಲ್ಲ. ಒಬ್ಬರನ್ನು ಆರಿಸಿ, ಅವರ ಒಂದು ಲೇಖನದ ಸಾರಾಂಶವನ್ನಾದರೂ ಓದಿ, ಅರ್ಥವಾಗದ ಒಂದು ಅಂಶ ಕೇಳಿ. ಎಂಟು ಸಾಲು ಸಾಕು. ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಇನ್ನೊಬ್ಬರಿಗೆ ಬರೆಯಿರಿ.

ದುಡ್ಡಿನ ವಿಷಯದಲ್ಲಿ ಎಚ್ಚರ. ನಾನು ಮೇಲೆ ಹೇಳಿದ ಫೆಲೋಶಿಪ್‌ಗಳು ನಿಮಗೇ ದುಡ್ಡು ಕೊಡುತ್ತವೆ. ಕೆಲವು ಒಳ್ಳೆಯ ಸಂಸ್ಥೆಗಳೂ ಬೆಂಚ್ ಶುಲ್ಕ ಕೇಳುವುದುಂಟು, ಅದು ಬೇರೆ. ಆದರೆ ಹದಿನೈದು ದಿನಕ್ಕೆ ಸಾವಿರಾರು ರೂಪಾಯಿ ಕಟ್ಟಿಸಿಕೊಂಡು, ಪಿಪೆಟ್ಟನ್ನು ದೂರದಿಂದ ತೋರಿಸಿ, ಬಣ್ಣದ ಸರ್ಟಿಫಿಕೇಟ್ ಕೈಗಿಡುವ ಅಂಗಡಿಗಳೂ ಇವೆ. ಗೈಡ್ ಯಾರು, ಅವರು ಏನು ಪ್ರಕಟಿಸಿದ್ದಾರೆ, ನನ್ನ ಕೈಗೆ ಯಾವ ಕೆಲಸ ಕೊಡುತ್ತೀರಿ ಎಂಬ ಮೂರು ಪ್ರಶ್ನೆಗೆ ಉತ್ತರ ಬಾರದ ಕಡೆ ಅಪ್ಪನ ಅಡಿಕೆ ದುಡ್ಡು ಕಟ್ಟಬೇಡಿ.

ಮನೆಯವರನ್ನು ಒಪ್ಪಿಸುವುದು ಹಲವರಿಗೆ ಅರ್ಜಿಗಿಂತ ಕಷ್ಟದ ಕೆಲಸ. ‘ಎರಡು ತಿಂಗಳು ಒಬ್ಳೇ ಹುಡುಗೀನ ಹ್ಯಾಂಗೆ ಕಳ್ಸೂದು ಮೇಡಂ?’ ಎಂದು ಆ ಹುಡುಗಿಯ ತಾಯಿಯೂ ಕೇಳಿದ್ದರು. ನಾನು ಉಪದೇಶ ಮಾಡಲಿಲ್ಲ. ಹಾಸ್ಟೆಲ್ಲಿನ ವಿಳಾಸ, ವಾರ್ಡನ್ ನಂಬರು, ಗೈಡ್ ಹೆಸರು, ಹೋಗುವ ಬರುವ ತಾರೀಖು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅವರು ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದರು. ಒಪ್ಪಿಗೆಗೆ ಬೇಕಿದ್ದದ್ದು ಆ ಹಾಳೆ. ವಸತಿ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ಆಯ್ಕೆಯ ಪತ್ರ ಬಂದ ದಿನವೇ ಕೇಳಿ ತಿಳಿದುಕೊಳ್ಳಿ.

ಕೊನೆಯದಾಗಿ, ನಿಮ್ಮ ಹತ್ತಿರ ಪ್ರಶ್ನೆ ಇಲ್ಲ ಅನ್ನಬೇಡಿ. ಪಾವಗಡದವರೇ, ನಿಮ್ಮೂರ ಬೋರ್‌ವೆಲ್ ನೀರು ಕುಡಿದವರ ಹಲ್ಲು ಏಕೆ ಕಂದಾಗಿದೆ? ಗದ್ದೆಯಲ್ಲಿ ದುಡಿಯುವ ಮನೆಯವರೇ, ನಿಮ್ಮ ಕಡೆಯ ಹಾವು ಕಚ್ಚಿದಾಗ ಔಷಧಿ ಎಷ್ಟು ಬಾಟಲಿ ಬೇಕಾಯಿತು? ಹಟ್ಟಿಯಲ್ಲಿ ಕೆಚ್ಚಲು ಬಾವಿನ ಹಸುವಿಗೆ ಕೊಟ್ಟ ಇಂಜೆಕ್ಷನ್ ಈ ಸಲ ಏಕೆ ನಾಟಲಿಲ್ಲ? ಇವು ಮನೆ ಮಾತುಗಳು. ಫ್ಲೋರೈಡ್, ವಿಷಶಾಸ್ತ್ರ, ಬ್ಯಾಕ್ಟೀರಿಯಾಗಳ ಔಷಧ ನಿರೋಧಕತೆ ಎಂಬ ಹೆಸರಿನಲ್ಲಿ ಇವನ್ನೇ ದೊಡ್ಡ ದೊಡ್ಡ ಲ್ಯಾಬುಗಳಲ್ಲಿ ಹುಡುಕುತ್ತಿದ್ದಾರೆ. ಅವರಿಗೆ ಯಂತ್ರಗಳಿವೆ. ದರಕಿನ ಹೆಡಿಗೆ ಹೊತ್ತು ಬೆವರಿದ ಮೇಲೆ ಎಣ್ಣೆ ಏನಾಗುತ್ತದೆ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಆ ಹುಡುಗಿ ಊರಿಗೆ ಬಂದ ಮೇಲೆ ಒಂದು ಸಂಜೆ ಅಮ್ಮನ ಕೈಗೆ ಎಣ್ಣೆ ಹಚ್ಚಿ, ಗಡಿಯಾರ ನೋಡಿ, ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡಳಂತೆ. ‘ಇದೆಂಥದೇ?’ ಅಂದಿದ್ದಕ್ಕೆ, ‘ಸುಮ್ನಿರು ಅಮ್ಮ, ಬೆವರು ಬರೂ ತನಕ ಕಾಯ್ಬೇಕು’ ಅಂದಳಂತೆ. ನನ್ನ ಹತ್ತಿರ ಇದನ್ನು ಹೇಳುವಾಗ ಅವಳ ಮುಖದಲ್ಲಿ ವಿಧೇಯ ವಿದ್ಯಾರ್ಥಿನಿ ಎಲ್ಲೂ ಕಾಣಲಿಲ್ಲ.

ಈ ಸಲದ ಅರ್ಜಿ ಕರೆದಾಗ ಸ್ಟಾಫ್ ರೂಮಿಗೆ ಬನ್ನಿ. ಕುರ್ಚಿ ಖಾಲಿ ಇರುತ್ತದೆ. ಬರೆದುಕೊಂಡು ಬರುವುದು ಬೇಡ, ಮೊದಲು ಮನೆಯ ಸಮಾಚಾರ ಹೇಳಿ.

ಇಂತಿ,
ನಿಮ್ಮ ಪ್ರಾಣಿಶಾಸ್ತ್ರದ ಮೇಡಂ